ಚಹಾ ಕುಡಿದು ಹೋದ ತಮ್ಮ

ಬೇಗೆ ತಿಂಗಳು, ತಾರೀಖು ೯, ೨೧೩೮
ಗದಗ, ನೆಲದಡಿಯ ಮೂರನೆಯ ಓಣಿ

ಪೂಜ್ಯ ನೀಲವ್ವ ಹೂಗಾರ ಅವರಿಗೆ,

ಬೇಗೆ ಎಂಬ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಮೇ ಮುಗಿದು ಜೂನ್ ಶುರುವಾಗುವ ಮುನ್ನ, ಯಾರೂ ಬಿಸಿಲಿಗೆ ಬರಲಾಗದ ದಿನಗಳಿಗೆ ನಾವು ಇಟ್ಟ ಹೆಸರು ಅದು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿನ್ನಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ, ನಮಗೆ ಜನ್ಮಕ್ಕೊಂದೇ ಸಲ ಸಿಗುತ್ತದೆ. ನನ್ನ ಪಾಲಿನದನ್ನು ನಿಮಗಾಗಿ ಬಳಸುತ್ತಿದ್ದೇನೆ. ನಿಮ್ಮ ಮಗಳು ಲತಾ ನನ್ನ ಮುತ್ತಜ್ಜಿ. ಆದರೆ ನಿಮ್ಮ ವಂಶದವಳೆಂದು ಹೇಳಿಕೊಳ್ಳುವ ಹಕ್ಕನ್ನು ಹೋದ ತಿಂಗಳು ನಾನೇ ಕೈಯಾರೆ ಕಳೆದುಕೊಂಡೆ.

ನಿಮ್ಮ ಕಾಲದ ಕ್ರೆಡಿಟ್ ರಿಪೋರ್ಟ್ ಒಬ್ಬೊಬ್ಬರದು. ಮನುಷ್ಯನ ಜೊತೆಗೇ ಮುಗಿಯುತ್ತಿತ್ತು. ನಮ್ಮದು ಕುಲಪಟ್ಟಿ, ಏಳು ತಲೆಮಾರಿನ ಸಾಲವೆಲ್ಲ ಅದರಲ್ಲಿರುತ್ತದೆ. ಕಟ್ಟಿದ ಸಾಲಕ್ಕೆ ಬಿಳಿ ಗೆರೆ, ತೀರದೆ ವಸೂಲಿಯವರ ಕೈಗೆ ಹೋದ ಸಾಲಕ್ಕೆ ಕರಿಗೆರೆ. ನೀರಿನ ಸರದಿ, ಕಾಯಿಪಲ್ಯೆಯ ಪಾಲು, ಬೇಗೆಯಲ್ಲಿ ಬದುಕಲು ನೆಲದಡಿ ಕಟ್ಟಿದ ತಂಪುಮನೆ, ಎಲ್ಲವೂ ಪಟ್ಟಿ ನೋಡಿಯೇ ಸಿಗುವುದು. ಬೀಗರು ಕೂಡ ಹುಡುಗಿಯ ಮುಖಕ್ಕಿಂತ ಮೊದಲು ಪಟ್ಟಿ ನೋಡುತ್ತಾರೆ. ನೋಡಿ, ಅವಲಕ್ಕಿ ಮುಟ್ಟದೆ ಎದ್ದು ಹೋದವರೂ ಉಂಟು.

ನನ್ನ ಮಗಳು ಹೊನ್ನಿ ತುಂಬು ಬಸುರಿ. ಬೇಗೆಯೊಳಗೆ ತಂಪುಮನೆ ಸಿಗದಿದ್ದರೆ ತಾಯಿ, ಕೂಸು ಇಬ್ಬರೂ ಉಳಿಯುವುದು ಕಷ್ಟವೆಂದು ಸೂಲಗಿತ್ತಿ ಹೇಳಿದಳು. ಕಚೇರಿಗೆ ಓಡಿದೆ. ಗುಮಾಸ್ತ ಪಟ್ಟಿ ತೆಗೆದು, "ನಿಮ್ಮ ಪಟ್ಟ್ಯಾಗ ಒಂದ ಕರಿಗೆರಿ ಐತ್ರೀ ಅಕ್ಕಾರ. ನೀಲವ್ವ ಅಂತ, ಹೊಲಿಗಿ ಮಷೀನಿನ ಸಾಲ. ಈಕಿನ್ನ ಬಿಡಿಸಿಕೊಂಡ್ರ ಈಗಿಂದೀಗ ಕೀಲಿ ಕೊಡ್ತೀನಿ" ಎಂದ. ಬಿಡಿಸಿಕೊಳ್ಳುವುದೆಂದರೆ ತಾಮ್ರದ ಬಟ್ಟಲಿನ ನೀರಿನಲ್ಲಿ ಬೆರಳಿಟ್ಟು, ಇವರು ನಮ್ಮವರಲ್ಲ ಎಂದು ಮೂರು ಸಲ ಹೇಳುವುದು. ಹೇಳಿದೆ. ನಾಲಿಗೆ ತಡವರಿಸಲೂ ಇಲ್ಲ. ಯಾರದೋ ದುಡ್ಡು ನುಂಗಿ ಸತ್ತ ಮುದುಕಿ ಎಂದು ಮನಸ್ಸಿನಲ್ಲಿ ನಿಮ್ಮನ್ನು ಬೈದುಕೊಳ್ಳುತ್ತಲೇ ಕೀಲಿ ಇಸಿದುಕೊಂಡೆ.

ಮನೆ ಬದಲಿಸುವಾಗ ಹಳೆಯ ಟ್ರಂಕಿನಲ್ಲಿ ನೀವು ಕುಬುಸದ ಅಳತೆ ಬರೆದಿಡುತ್ತಿದ್ದ ನೋಟ್‌ಬುಕ್ ಸಿಕ್ಕಿತು. ತೋಳು, ಎದೆ, ಉದ್ದಗಳ ನಡುವೆ ನಾಲ್ಕು ಸಾಲು: "ಲತಾನ್ನ ನೋಡಾಕ ಬಂದಾಗ ವಸೂಲಿ ಮನಶಾ ಬಾಗಲಕ್ಕ ಬಂದ. ನನ್ನ ತಮ್ಮ ಅಂತ ಹೇಳಿ ಒಳಗ ಕರದೆ. ಸೀರಿಗಂತ ಇಟ್ಟಿದ್ದ ಹನ್ನೊಂದ ಸಾವಿರ ಉಂಡಿ ಡಬ್ಬಿ ಅಡ್ಯಾಗ ಇಟ್ಟ ಕೊಟ್ಟ ಕಳಿಸಿದೆ. ಚೀಟಿ ಕೇಳಲಿಲ್ಲ." ಹೇಗೆ ಕೇಳುತ್ತೀರಿ? ಬೀಗರಾಗುವವರ ಮುಂದೆ ತಮ್ಮನ ಹತ್ತಿರ ರಸೀದಿ ಕೇಳುವ ಅಕ್ಕ ಯಾವ ಊರಲ್ಲಿದ್ದಾಳೆ? ಅವನು ಎರಡು ಕಪ್ ಚಹಾ ಕುಡಿದು, ಎಲ್ಲರಿಗೂ ಕೈಮುಗಿದು ಹೋದನೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಕರಿಗೆರೆ ಉಳಿದಿದೆಯೆಂದರೆ ಕಂಪನಿಗೆ ಆ ದುಡ್ಡು ಮುಟ್ಟಲೇ ಇಲ್ಲ. ನೀವು ಮರ್ಯಾದೆಗೆ ಅಂಜಿ ಯಾರಿಗೂ ಹೇಳಲಿಲ್ಲ.

ಆ ನಾಲ್ಕು ಸಾಲು ಓದಿದ ಮೇಲೆಯೇ ಈ ಪತ್ರಕ್ಕೆ ಕುಳಿತೆ. ನೀವು ಮಗಳಿಗಾಗಿ ಪರರನ್ನು ತಮ್ಮ ಎಂದಿರಿ. ನಾನೂ ಮಗಳಿಗಾಗಿಯೇ ನಿಮ್ಮನ್ನು ಪರರು ಎಂದೆ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ, ಅಜ್ಜಿ.

ಈ ಪತ್ರ ನಿಮಗೆ ಮುಟ್ಟುವ ಹೊತ್ತಿಗೆ ಹುಡುಗನ ಕಡೆಯವರು ಲತಾಳನ್ನು ನೋಡಲು ಬಂದು ಹೋಗಿ ನಾಲ್ಕು ದಿನವಾಗಿರುತ್ತದೆ. ಹುಡುಗನ ಸೋದರಮಾವ ಅಂದು ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೊ ತೆಗೆದರು. ಅದು ನಮ್ಮ ಮನೆಯಲ್ಲಿ ಇಂದಿಗೂ ಇದೆ. ತುದಿಯಲ್ಲಿ ಉಂಡೆ ಡಬ್ಬಿ ಹಿಡಿದು ನಗುತ್ತಿರುವವನನ್ನು ನಾವೆಲ್ಲ ನಿಮ್ಮ ತವರಿನವನೆಂದೇ ತಿಳಿದಿದ್ದೆವು. ಆ ಫೋಟೊ ತರಿಸಿಕೊಳ್ಳಿ, ಅವನು ಬಂದು ಡಬ್ಬಿ ಒಯ್ದದ್ದಕ್ಕೆ ಅದೇ ಸಾಕ್ಷಿ. ತರಿಸಬೇಕಾದರೆ ಅವರಿಗೆ ನಿಜ ಹೇಳಬೇಕಾಗುತ್ತದೆ. ಹೇಳಿಬಿಡಿ. ಅವರು ಲತಾಳನ್ನು ಬಿಡುವುದಿಲ್ಲ. ಹುಡುಗ ಆಗಲೇ ಮನಸ್ಸು ಕೊಟ್ಟಿದ್ದಾನೆ, ಅವನ ಮರಿಮೊಮ್ಮಗಳು ಹೇಳುತ್ತಿದ್ದೇನೆ. ಫೋಟೊ, ನೋಟ್‌ಬುಕ್ ಎರಡನ್ನೂ ಹಿಡಿದು, ಲತಾಳನ್ನು ಜೊತೆಗೆ ಕರೆದುಕೊಂಡು ಸಾಲ ಕೊಟ್ಟ ಕಂಪನಿಗೆ ಹೋಗಿ. ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡಿ. ಸಾಲ ತೀರಿದೆ ಎಂಬ ಪತ್ರ ಕೈಗೆ ಬರುವ ತನಕ ಬೆಂಚಿನಿಂದ ಏಳಬೇಡಿ. ಆಮೇಲೆ ರಿಪೋರ್ಟ್ ಇಡುವವರಿಗೂ ಆ ಪತ್ರ ಕಳಿಸಿ, ಬರೆದದ್ದು ತಪ್ಪು, ತಿದ್ದಿ ಎಂದು ಕೇಳಿ. ನಾಚಿಕೆಪಡಬೇಕಾದವನು ಉಂಡೆ ತಿಂದವನು, ನೀವಲ್ಲ.

ಹೊನ್ನಿಗೆ ನಿನ್ನೆ ಹೆಣ್ಣುಮಗು ಹುಟ್ಟಿತು. ಇಬ್ಬರೂ ಆರಾಮ ಇದ್ದಾರೆ. ನೋಟ್‌ಬುಕ್ಕಿನ ಕಥೆ ಕೇಳಿದ ಹೊನ್ನಿ ಮಗುವಿಗೆ ನಿಮ್ಮ ಹೆಸರೇ ಬೇಕೆಂದು ಹಟ ಹಿಡಿದಿದ್ದಾಳೆ. ಬಿಡಿಸಿಕೊಂಡವರ ಹೆಸರು ಇಡಲು ನಮ್ಮ ಕಾನೂನು ಬಿಡುವುದಿಲ್ಲ. ಅದನ್ನು ಅವಳಿಗೆ ಹೇಳುವ ಬಾಯಿ ನನಗಿಲ್ಲ. ಹಿನ್ನಂಚೆಗೆ ಮರುಟಪಾಲಿಲ್ಲ, ನೀವು ಹೋದಿರೋ ಇಲ್ಲವೋ ಎಂಬುದು ಪಟ್ಟಿಯ ಗೆರೆ ನೋಡಿಯೇ ತಿಳಿಯಬೇಕು. ಬೇಗೆ ಇಪ್ಪತ್ತಕ್ಕೆ ಹೆಸರಿಡುವ ತೊಟ್ಟಿಲು. ಅಂದು ಬೆಳಿಗ್ಗೆ ಪಟ್ಟಿ ತೆಗೆಯುತ್ತೇನೆ. ನಿಮ್ಮ ಹೆಸರಿನ ಮುಂದೆ ಬಿಳಿ ಗೆರೆ ಇದ್ದರೆ ಕೂಸಿಗೆ ಆ ಹೆಸರೇ.

ಕೆಳಗೆ ಬರೀ ನನ್ನ ಹೆಸರು ಬರೆದಿದ್ದೇನೆ. ನಾನು ನಿಮಗೆ ಏನಾಗಬೇಕು ಎಂದು ಬರೆಯಲು ಕೈ ಬರಲಿಲ್ಲ. ಸಾಲ ತೀರಿದ ಪತ್ರ ನಿಮ್ಮ ಕೈಗೆ ಬಂದ ದಿನ ಅದನ್ನು ನೀವೇ ಬರೆದುಕೊಳ್ಳಿ.

ಮುಂಗಾರಿ