ಬರೆಯದೆ ಬಿಟ್ಟ ನಾಲ್ವರ ಕುರಿತು

ಗದಗ, ಕ್ರಿ.ಶ. ೨೧೬೪

ಪಿತ್ತನಾಳದ ಮೂವತ್ತೊಂದು ಶಸ್ತ್ರಚಿಕಿತ್ಸೆಗಳ ವರದಿಯನ್ನು ಬರೆದ ವೈದ್ಯ ಮಹನೀಯರಿಗೆ,

ಮೊದಲು ಒಂದು ತಿದ್ದುಪಡಿ. ನಮ್ಮ ಊರಿನ ವಾರ್ಷಿಕ ವೃತ್ತಾಂತದಲ್ಲಿ, ನನ್ನ ತಂಗಿ ನೀಲವ್ವ ಎರಡು ವರ್ಷದ ಹಿಂದೆ "ಶಸ್ತ್ರವೈದ್ಯೆಯ ಕೈ ನಡುಗಿದ್ದರಿಂದ" ತೀರಿಕೊಂಡಳೆಂದು ಅಚ್ಚಾಗಿದೆ. ಇದು ತಪ್ಪು. ಶಸ್ತ್ರವೈದ್ಯೆ ತಸ್ನೀಮ್ ನರಗುಂದ ಅವರ ಕೈ ನಡುಗಲಿಲ್ಲ. ಅವರಿಗೆ ತಿಳಿಯಬೇಕಾಗಿದ್ದ ಎರಡು ಸಂಗತಿಗಳು ನಿಮ್ಮ ವರದಿಯಲ್ಲಿ ಇರಲಿಲ್ಲ. ವೃತ್ತಾಂತಕಾರರಿಗೆ ಬೇರೆ ಪತ್ರ ಬರೆದಿದ್ದೇನೆ, ಇದು ನಿಮಗೆ.

ನೀವು ನನಗಿಂತ ನೂರನಲವತ್ತು ವರ್ಷ ಹಿಂದಿನವರು. ವರದಿಯ ಮುಖಪುಟ ಮಾತ್ರ ನಷ್ಟವಾಗಿರುವುದರಿಂದ ನಿಮ್ಮ ಹೆಸರು ನನಗೆ ತಿಳಿಯದು. ಹಿಂದಕ್ಕೆ ಹೋಗುವ ಅಂಚೆಯನ್ನು ನಮ್ಮವರೂ ಕಂಡುಹಿಡಿದಿಲ್ಲ. ಆದರೂ ಬರೆಯುವುದು ಕರ್ತವ್ಯವೆಂದು ತೋರಿತು. ಇದರಲ್ಲಿ ನಿಮಗೆ ಅಪರಿಚಿತವಾದ ಪದಗಳು ಬರುತ್ತವೆ, ಕ್ಷಮಿಸಬೇಕು. ಬಂದಲ್ಲಿಯೇ ಅರ್ಥ ಹೇಳುತ್ತೇನೆ. ಮೂವತ್ತಾರು ವರ್ಷ ಶಾಲಾ ಮಾಸ್ತರನಾಗಿದ್ದವನಿಗೆ ಅದು ಬಿಡಲಾರದ ಅಭ್ಯಾಸ.

ನಮ್ಮಲ್ಲಿ ಹೊಟ್ಟೆಯನ್ನು ಕೊಯ್ದು ತೆರೆಯುವುದು ಅಪರೂಪ. ಗಂಟು, ಕಲ್ಲು, ಬಾವುಗಳಿಗೆ ಬಹುಮಟ್ಟಿಗೆ ಕರಗುಮದ್ದು, ಅಂದರೆ ಕಾಯಿಲೆಯನ್ನು ಒಳಗೇ ಕರಗಿಸುವ ಔಷಧಿ, ಸಾಕಾಗುತ್ತದೆ. ಅದು ಒಗ್ಗದ ದೇಹ ಸಾವಿರಕ್ಕೊಂದು. ಅಂಥವರಿಗೆ ನಿಮ್ಮ ಕಾಲದ ಶಸ್ತ್ರಚಿಕಿತ್ಸೆಯೇ ಗತಿ. ಅದನ್ನು ಬಲ್ಲವರು ಇಡೀ ಜಿಲ್ಲೆಗೆ ತಸ್ನೀಮ್ ಒಬ್ಬರೇ. ಅವರು ನಿಮ್ಮಂಥವರ ಹಳೆಯ ವರದಿಗಳನ್ನು ನೋಡಿಯೇ ಕಲಿಯಬೇಕು.

ಹಳೆಯದಿರಲಿ ಹೊಸದಿರಲಿ, ಶಸ್ತ್ರಚಿಕಿತ್ಸೆಯ ಯಾವ ವರದಿಯನ್ನೂ ಓದುಕಟ್ಟೆಯಲ್ಲಿ ಗಟ್ಟಿಯಾಗಿ ಓದದೆ ಬಳಸುವಂತಿಲ್ಲ. ಓದುಕಟ್ಟೆಯೆಂದರೆ ಏಳು ಮಂದಿ ನಾಗರಿಕರ ಸಭೆ; ರೋಗಿ ಬಯಸಿದರೆ ತಾನೂ ಕೂರಬಹುದು, ಪ್ರಶ್ನೆ ಕೇಳಬಹುದು. ನಮ್ಮ ಊರಿನದು ಹಳೆಯ ಮುದ್ರಣಾಲಯವೊಂದರ ಹಜಾರದಲ್ಲಿದೆ. ಬಿಸಿಲಿನ ಕಾರಣ ನಮ್ಮ ದಿನದ ಕೆಲಸ ಬೆಳಗಿನ ನಾಲ್ಕಕ್ಕೆ ಆರಂಭವಾಗಿ ಹತ್ತಕ್ಕೆ ನಿಲ್ಲುವುದರಿಂದ ಸಭೆ ಆರಕ್ಕೇ ಕೂಡುತ್ತದೆ. ಎಲ್ಲರೂ ತಮ್ಮ ತಮ್ಮ ಚಾಪೆ ತರುತ್ತಾರೆ. ಜೋಳದ ಅಂಬಲಿ ಕುಡಿದು ಕೂರುತ್ತಾರೆ. ನಮ್ಮ ಕಾಲದ ವರದಿಗಳ ಮೊದಲ ಹಾಳೆಗೆ ಕಾಣದವರ ಪುಟ ಎಂದು ಹೆಸರು. ಚಿಕಿತ್ಸೆಯ ನಂತರ ತಿರುಗಿ ಬಾರದವರು ಎಷ್ಟು, ಅವರನ್ನು ಹುಡುಕಲು ಏನು ಮಾಡಲಾಯಿತು, ಏನು ತಿಳಿಯಿತು ಎಂಬುದನ್ನು ಅಲ್ಲಿ ಬರೆಯದೆ ಗುಣವಾದವರ ಮಾತನ್ನು ಎತ್ತುವಂತಿಲ್ಲ. ಓದುವ ಕೆಲಸ ಹನ್ನೊಂದು ವರ್ಷದಿಂದ ನನ್ನದು.

ನೀಲವ್ವನ ಪಿತ್ತನಾಳ ಉಬ್ಬಿ ಕಟ್ಟಿಕೊಂಡಿತ್ತು. ಕರಗುಮದ್ದು ಒಗ್ಗಲಿಲ್ಲ, ಕಣ್ಣುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಆ ಕಾಯಿಲೆಗೆ ಉಳಿದುಬಂದ ವರದಿ ನಿಮ್ಮದೊಂದೇ. ಕೆಟ್ಟ ಭಾಗವನ್ನು ತೆಗೆದು ನಾಳವನ್ನು ಕರುಳಿಗೆ "ಎಂದಿನ ವಿಧಾನದಲ್ಲಿ ಜೋಡಿಸಲಾಯಿತು" ಎಂದು ಬರೆದಿದ್ದೀರಿ. ಮೂವತ್ತೊಂದು ಮಂದಿಗೆ ಚಿಕಿತ್ಸೆಯಾಯಿತು. ವರ್ಷದ ನಂತರ ಇಪ್ಪತ್ತೇಳು ಮಂದಿ ಆರೋಗ್ಯವಾಗಿದ್ದಾರೆ. ಅಲ್ಲಿಗೆ ವರದಿ ಮುಗಿಯುತ್ತದೆ.

ನಾನು ಓದಿ ಮುಗಿಸಿದಾಗ ನೀಲವ್ವ ಕೇಳಿದಳು: "ಉಳದ ನಾಕು ಮಂದಿ ಎಲ್ಲಿ ಹೋದ್ರಂತ, ಅಣ್ಣಾ?"

"ಬರದಿಲ್ಲ" ಎಂದೆ.

"ಸತ್ರೇನು?"

"ಅದನ್ನೂ ಬರದಿಲ್ಲವ್ವಾ."

"ನೀ ಸಾಲ್ಯಾಗ ಒಂದು ಹುಡುಗಿ ಗೈರಾದ್ರ ಆಕಿ ಮನೀಮಟಾ ಹೋಗಿ ವಿಚಾರಸ್ತಿದ್ದಿ. ಇವರು ನಾಕು ಮಂದೀನ್ನ ಬಿಟ್ಟು ಪಾಠ ಮುಗಿಸ್ಯಾರ. ನಿನ್ನ ಕೈಯಾಗ ಸಿಕ್ಕಿದ್ರ ಬೆಂಚಿನ ಮ್ಯಾಲೆ ನಿಲ್ಲಸ್ತಿದ್ದಿ."

ಸಭೆ ನಕ್ಕಿತು. ತಸ್ನೀಮ್ ನಗಲಿಲ್ಲ. "ಆಗಿನ ಪುಸ್ತಕದಾಗ ಕರುಳಿಗೆ ಜೋಡಿಸೂ ವಿಧಾನ ಎರಡು ಅದಾವ್ರಿ" ಎಂದರು. "ಎಂದಿನದು ಅಂದ್ರ ಯಾವ್ದು, ನನಗ ಗೊತ್ತಿಲ್ಲ. ನೀಲವ್ವಾರ, ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ. ಊಹಾ ಮಾಡಿ ಆರಿಸಬೇಕಾಗ್ತದ."

"ಏನೂ ಮಾಡ್ಲಿಲ್ಲಂದ್ರ?"

"ಎರಡು ತಿಂಗಳು."

"ಹಂಗಾದ್ರ ಮಾಡ್ರಿ, ಬಾಯಾರ. ಖರೆ, ನಾ ಹೋದ್ರ ನನ್ನ ಆ ನಾಕು ಮಂದಿ ಜೋಡಿ ಕೂಡಸಬ್ಯಾಡ್ರಿ. ಆದದ್ದೆಲ್ಲಾ ಬರೀರಿ. ಓದಾಂವ ನಮ್ಮಣ್ಣನ ಇರ್ಲಿ. ಎಲ್ಲೆರೆ ತಪ್ಪಿದ್ರ ತಿದ್ದತಾನ."

ನಾಳವನ್ನು ಹತ್ತಿರದ ಕರುಳಿಗೆ ನೇರವಾಗಿ ಸೇರಿಸುವ ವಿಧಾನವನ್ನು ತಸ್ನೀಮ್ ಆರಿಸಿದರು. ನಾಲ್ಕನೆಯ ದಿನ ಹೊಲಿಗೆ ಸೋರಿತು. ಒಂಬತ್ತನೆಯ ದಿನ ಬೆಳಿಗ್ಗೆ ನನ್ನ ತಂಗಿ ತೀರಿಕೊಂಡಳು.

ಹದಿನೈದು ದಿನಗಳ ನಂತರ ತಸ್ನೀಮ್ ಅವರ ವರದಿ ನನ್ನ ಕೈಗೆ ಬಂತು. ಬೇರೆ ಯಾರಾದರೂ ಓದಲೆಂದು ಸಭೆಯವರು ಹೇಳಿದರು, ನಾನು ಒಪ್ಪಲಿಲ್ಲ. ಯಾವ ದಾರ, ಎಷ್ಟು ಹೊಲಿಗೆ, ಹೊಲಿದವರು ಯಾರು, ಅವರು ಈ ಚಿಕಿತ್ಸೆಯನ್ನು ಹಿಂದೆ ಎಷ್ಟು ಸಲ ಮಾಡಿದ್ದರು ಎಂಬುದೆಲ್ಲ ಅದರಲ್ಲಿತ್ತು. ಒಮ್ಮೆಯೂ ಮಾಡಿರಲಿಲ್ಲ ಎಂದಿತ್ತು. ಜ್ವರ ಕಾಣಿಸಿಕೊಂಡ ಹೊತ್ತು ಇತ್ತು. "ಸೋರಿಕೆಯನ್ನು ಗುರುತಿಸುವುದರಲ್ಲಿ ಆರು ಗಂಟೆ ತಡವಾಯಿತು, ತಡ ನನ್ನಿಂದಾಯಿತು" ಎಂದು ತಸ್ನೀಮ್ ಬರೆದಿದ್ದರು. ವೃತ್ತಾಂತಕಾರರು ಈ ಪ್ರಾಮಾಣಿಕತೆಯನ್ನೇ ಕೈನಡುಕವೆಂದು ತಿಳಿದಿರಬೇಕು. ತಡದ ಆ ಸಾಲನ್ನು ಎರಡು ಸಲ ಓದಿ ಮುಂದುವರಿಸಿದೆ. ಇಡೀ ವರದಿಯಲ್ಲಿ ತಿದ್ದುವಂಥದ್ದು ಏನೂ ಸಿಗಲಿಲ್ಲ.

ಮರುವರ್ಷ ಮುಂಡರಗಿಯ ಬಡಿಗರೊಬ್ಬರು ಅದೇ ಕಾಯಿಲೆಯಿಂದ ಬಂದರು. ನೀಲವ್ವನ ವರದಿಯನ್ನು ಎದುರಿಗಿಟ್ಟುಕೊಂಡು ತಸ್ನೀಮ್ ಎರಡನೆಯ ವಿಧಾನವನ್ನು ಆರಿಸಿದರು; ಮೂರನೆಯ ದಿನದಿಂದ ಗಂಟೆಗೊಮ್ಮೆ ಜ್ವರ ನೋಡಿಸಿದರು. ಆ ಬಡಿಗರು ಬದುಕಿದ್ದಾರೆ, ಬಾಗಿಲು ಕಿಟಕಿ ಮಾಡುತ್ತಿದ್ದಾರೆ. ಒಂದು ಸಾವು, ಒಂದು ಬದುಕು, ಇಷ್ಟರಿಂದಲೇ ಯಾವ ವಿಧಾನ ಮೇಲೆಂದು ತೀರ್ಮಾನಿಸಬಾರದೆಂದು ತಸ್ನೀಮ್ ಆ ವರದಿಯಲ್ಲಿಯೂ ಬರೆದಿದ್ದಾರೆ. ನಾನೂ ತೀರ್ಮಾನಿಸುವುದಿಲ್ಲ.

ನಿಮ್ಮ ಮೇಲೆ ನನಗೆ ಕೋಪವಿತ್ತು, ಇಲ್ಲವೆಂದರೆ ಸುಳ್ಳಾದೀತು. ಇಪ್ಪತ್ತೇಳು ಮಂದಿಯನ್ನು ಉಳಿಸಿದವರೂ ನೀವೇ ಎಂಬುದನ್ನು ಮರೆತಿಲ್ಲ. ಉಳಿದ ನಾಲ್ವರು ಸೋರಿಕೆಯಿಂದ ಸತ್ತಿರಬಹುದು. ಅಥವಾ ಗುಣವಾಗಿ, ಮತ್ತೆ ಬಸ್ಸು ಹತ್ತುವ ತಾಪತ್ರಯ ಬೇಡವೆಂದು ಮನೆಯಲ್ಲಿಯೇ ಉಳಿದಿರಬಹುದು. ಮೊದಲನೆಯದು ತಿಳಿದಿದ್ದರೆ ತಸ್ನೀಮ್ ಇನ್ನೊಮ್ಮೆ ಯೋಚಿಸುತ್ತಿದ್ದರು. ಎರಡನೆಯದು ತಿಳಿದಿದ್ದರೆ ನನ್ನ ತಂಗಿ ಧೈರ್ಯದಿಂದ ಒಳಗೆ ಹೋಗುತ್ತಿದ್ದಳು.

ನಮಗೆ ಆ ನಾಲ್ವರು ಇನ್ನು ಸಿಗುವುದಿಲ್ಲ. ನಿಮಗೆ ಸಿಗುತ್ತಾರೆ. ಆಸ್ಪತ್ರೆಯ ದಾಖಲೆಯಲ್ಲಿ ಅವರ ಊರು, ಫೋನ್ ಸಂಖ್ಯೆ ಇರುತ್ತವೆ. ವರದಿಯನ್ನು ಅಚ್ಚಿಗೆ ಕಳಿಸುವ ಮುನ್ನ ವಿಚಾರಿಸಿ, ತಿಳಿದದ್ದನ್ನು ಬರೆಯಿರಿ. ತಿಳಿಯದಿದ್ದರೆ ತಿಳಿಯಲಿಲ್ಲವೆಂದೇ ಬರೆಯಿರಿ. ನಾಳವನ್ನು ಹೇಗೆ ಜೋಡಿಸಿದಿರೆಂದೂ ಬರೆಯಿರಿ. ಎರಡು ಸಾಲು ಸಾಕು. ನೀವು ಬರೆದರೆ, ಓದುಕಟ್ಟೆಯ ಆ ಬೆಳಿಗ್ಗೆ ನೀಲವ್ವ ಇನ್ನೂ ಚಾಪೆಯ ಮೇಲೆ ಕುಳಿತಿರುತ್ತಾಳೆ; ನಾನು ಅವಳಿಗೆ ಆ ಎರಡು ಸಾಲನ್ನೂ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಇಂತು,
ಮುರಿಗೆಪ್ಪ ಬಾಳಿಕಾಯಿ, ನಿವೃತ್ತ ಮಾಸ್ತರ
೧೮ ನವೆಂಬರ್ ೨೧೬೪, ರವಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ