ಯೂನಾಳ ಬಾಗಿಲಲ್ಲಿ ಪೊಲೀಸ್ ಕಾರು

ಸಾರ್ಜೆಂಟ್ ಹ್ಯಾನಾ ಅವರಿಗೆ,

ನಿಮಗೆ ಬುದ್ಧಿ ಬೇಡವೇ? ದಕ್ಷಿಣ ಆರ್ಮಾದಲ್ಲಿ ಯಾರಾದರೂ ಪೊಲೀಸ್ ಕಾರನ್ನು ಸಾಕ್ಷಿಯ ಬಾಗಿಲಲ್ಲೇ ನಿಲ್ಲಿಸುತ್ತಾರೆಯೇ? ಬಂದೂಕಿನವರ ಗಲಭೆ ನಿಂತು ಇಷ್ಟು ವರ್ಷವಾದರೂ ಅಂಥ ಮನೆಗೆ ಇಲ್ಲಿ ಚಾಡಿಕೋರರ ಮನೆಯೆಂದೇ ಹೆಸರು.

ಆ ಗಲಭೆಯ ಕಾಲದಲ್ಲಿ ನನ್ನ ಮಗ ಡೆಕ್ಲನ್‌ನನ್ನು ಎಳೆದೊಯ್ದು ಕೊಂದವನ ಮುಖ ಕಂಡವಳು ಪಕ್ಕದ ಮನೆಯ ಯೂನಾ ಒಬ್ಬಳೇ. ಈ ಮುದಿವಯಸ್ಸಿನಲ್ಲಿ ಅವನ ಹೆಸರು ಹೇಳಲು ಒಪ್ಪಿದ್ದಳು. ಈಗ, ನಿಮ್ಮ ಕಾರು ಬಂದುಹೋದ ಮೇಲೆ, "ನಂಗೇನೂ ಕಾಣ್ಲಿಲ್ಲ ನೋರಕ್ಕ, ಅವತ್ತು ಮಂಜಿತ್ತು" ಅನ್ನುತ್ತಾಳೆ.

"ಮಂಜು ಬಿದ್ದಿರೋದು ನಿನ್ನ ನಾಲಿಗೆ ಮೇಲೆ ಕಣೇ" ಅಂದೆ. ಅತ್ತಳು. ಅವಳಿಗೂ ಮೊಮ್ಮಕ್ಕಳಿದ್ದಾರೆ.

ಕೊಂದವನನ್ನು ನೀವು ಹಿಡಿಯುವುದಿಲ್ಲ, ಬಿಡಿ. ಅವನನ್ನು ಹೂತಿದ್ದಾರೆನ್ನುವ ಜೌಗುನೆಲದಲ್ಲಿ ಡೆಕ್ಲನ್‌ನ ಮೂಳೆ ಹುಡುಕುವುದನ್ನೂ ನಿಲ್ಲಿಸುತ್ತೀರಾ? ಗಂಡನ ಗೋರಿಕಲ್ಲಿನಲ್ಲಿ ಮಗನ ಹೆಸರಿಗೆಂದು ಒಂದು ಸಾಲು ಖಾಲಿ ಬಿಡಿಸಿದ್ದೇನೆ. ಮುಂದಿನ ತಿಂಗಳು ಕಲ್ಲುಕುಟಿಗ ಬರುತ್ತಾನೆ. ಅದನ್ನು ಹಾಗೇ ಇರಿಸಲೋ, ನನ್ನ ಹೆಸರು ಕೆತ್ತಿಸಲೋ, ಅಷ್ಟರೊಳಗೆ ಉತ್ತರ ಬರೆಯಿರಿ.

ನೋರಾ ಮೆಕ್‌ಆರ್ಡಲ್