ಬಿಳಿ ಕೋಟಿನ ಮೂಲೆಗೆ ಅರಿಶಿಣ

ಕಡೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಮುದ್ದು ಮಗಳು ಅನುಷಾಳಿಗೆ,

ಅಮ್ಮನ ಮನಸಾರೆ ಆಶೀರ್ವಾದಗಳು. ನೆಗಡಿ ವಾಸಿಯಾಯಿತೇ? ರಾತ್ರಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತೀಯೋ, ಇಲ್ಲಾ ಅಲ್ಲಿಯೂ ಕಿಟಕಿ ತೆರೆದುಕೊಂಡು ಮಲಗುತ್ತೀಯೋ? ಆ ಊರಿನ ಬ್ರೆಡ್ಡು ತಿಂದು ತಿಂದು ದವಡೆ ನೋಯುತ್ತಿದೆ ಎಂದೆಯಲ್ಲ, ಅದಕ್ಕೇ ಹುರಿಗಡಲೆ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಮಾಡಿ ಈ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ನಿನ್ನ ಅಸಿಸ್ಟೆಂಟ್ ಕೃತಿಕಾ ಬೀರೂರಿನಲ್ಲಿ ರೈಲು ಹತ್ತುತ್ತಾಳೆ, ಅಲ್ಲಿಂದ ಬೆಂಗಳೂರು, ವಿಮಾನ, ಆಮೇಲೆ ಪೋರ್ಚುಗಲ್ಲಿನ ನಿನ್ನ ಪೋರ್ಟೊ. ಪಾಪದ ಹುಡುಗಿ, ನೀನು ಅಲ್ಲಿ ಫೋಟೊ ತೆಗೆಯಬೇಕಾದ ಕಂಪನಿಯ ಕೋಟುಗಳ ಜೊತೆ ನನ್ನ ಚಟ್ನಿಪುಡಿಯನ್ನೂ ಹೊರಬೇಕು. ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿನೋವು ಮಾತ್ರ ಬಂದು ಹೋಗುವ ನೆಂಟರ ಹಾಗೆ ಬರುತ್ತದೆ, ಎರಡು ದಿನ ಇರುತ್ತದೆ, ಹೋಗುತ್ತದೆ. ಫೋನಿನಲ್ಲೇ ಹೇಳಬಹುದಲ್ಲ, ಇದೇನು ಕಾಗದ ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ‘ಸರಿ ಅಮ್ಮಾ, ಸರಿ ಅಮ್ಮಾ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡುವುದಕ್ಕಾಗುವುದಿಲ್ಲ, ಓದಲೇಬೇಕು.

ಹೋದ ಭಾನುವಾರ ನೀನು ಫೋನ್ ಮಾಡಿದಾಗ ಸ್ಪೀಕರ್ ಹಾಕಿದ್ದೆ ಎನ್ನುವುದು ನಿನಗೆ ಗೊತ್ತಿರಲಿಲ್ಲ. ‘ಅಮ್ಮಾ, ಊರೇ ಅರ್ಥ ಆಗ್ತಿಲ್ಲ. ಎಲ್ಲಿ ನೋಡಿದ್ರೂ ಏರು, ಎಲ್ಲಿ ನೋಡಿದ್ರೂ ಓಣಿ. ಬಿಸಿಲು ಎಲ್ಲಿಂದ ಬತ್ತದೆ, ಎಲ್ಲಿಗೋಗ್ತದೆ ಒಂದೂ ಗೊತ್ತಾಗಲ್ಲ. ಒಂದು ರೂಮ್ ಬಾಡಿಗೆಗೆ ತಗೊಂಡು, ಹಿಂದೆ ಬಿಳಿ ಗೋಡೆ ಇಟ್ಕೊಂಡು ಕೋಟಿನ ಫೋಟೊ ಎಲ್ಲ ಒಳಗೇ ತೆಗೆದ್ಬಿಡ್ತೀನಿ. ಪೆಟ್ಟಿಗೆ ಬಂದ ದಿನ ಕಂಪನಿಯವರಿಗೆ ಹೇಳ್ತೀನಿ’ ಎಂದು ಅಳುವ ದನಿಯಲ್ಲಿ ಅಂದೆಯಲ್ಲ, ಅದನ್ನು ನಿನ್ನಪ್ಪ ಕೇಳಿಸಿಕೊಂಡರು. ಎದ್ದು ತಮ್ಮ ಫೋಟೊ ಸ್ಟುಡಿಯೊಗೆ ಹೋಗಿ, ಆ ಹಳೇ ಜಲಪಾತದ ಪರದೆ ಇದೆಯಲ್ಲ, ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತುಬಿಟ್ಟರು. ನಾನು ಕಾಫಿ ತೆಗೆದುಕೊಂಡು ಹೋದರೆ, ‘ಮೂವತ್ತು ವರ್ಷ ಜನಾನೆಲ್ಲ ಬಟ್ಟೆ ಮೇಲೆ ಬರೆದಿರೋ ನೀರಿನ ಮುಂದೆ ನಿಲ್ಸಿ ತೆಗ್ದೆ ಕಣೇ ಹೇಮಾ. ಇವಳಾದ್ರೂ ನಿಜವಾದ ಊರಿನ ಮುಂದೆ ನಿಲ್ಲಿಸ್ತಾಳೆ ಅಂದ್ಕಂಡಿದ್ದೆ’ ಎಂದರು. ಕಂಪನಿಯವರು ಅಷ್ಟು ಜನರಲ್ಲಿ ನಿನ್ನನ್ನು ಆರಿಸಿದ್ದೇ ನೀನು ಬಯಲಿನಲ್ಲಿ ತೆಗೆದ ಫೋಟೊಗಳನ್ನು ನೋಡಿ. ಬಿಳಿ ಗೋಡೆಯ ಮುಂದೆ ನಿಲ್ಲಿಸಿ ತೆಗೆಯುವುದಕ್ಕೆ ಅವರಿಗೆ ಬೆಂಗಳೂರಿನಲ್ಲೇ ಬೇಕಾದಷ್ಟು ಗೋಡೆಗಳಿವೆ. ಇದು ನಿನಗೂ ಗೊತ್ತು. ಗೊತ್ತಿದ್ದೂ ಹೆದರಿದ್ದೀಯ. ಹೆದರಿದ್ದಕ್ಕೆ ನನಗೆ ಬೇಸರವಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ ಎಂದೆಯಲ್ಲ, ಅದಕ್ಕೆ ಬೇಸರ.

ಮಾರನೆಯ ದಿನ ನಿನ್ನಪ್ಪ ಬೇರೆಯೇ ಮನುಷ್ಯರು. ನೀನು ಕಳಿಸಿದ್ದ ಪೋರ್ಟೊ ಫೋಟೊಗಳನ್ನೆಲ್ಲ ಟಿವಿಯಲ್ಲಿ ಹಾಕಿಕೊಂಡು ಕೂತು ಹೇಳತೊಡಗಿದರು: ಈ ಕಲ್ಲು ಮೆಟ್ಟಿಲು ನೋಡು, ಬೀರೂರು ಸ್ಟೇಷನ್ನಿನ ಮೇಲ್ಸೇತುವೆಯಷ್ಟೇ ಏರು. ಈ ನೀಲಿ ಟೈಲ್ಸ್ ಗೋಡೆ ನೋಡು, ತರೀಕೆರೆಯ ವಹಾಬ್ ಸಾಹೇಬರ ಮನೆಯ ಮುಂದಿನ ಗೋಡೆ ಇದ್ದ ಹಾಗೇ ಇದೆ. ಈ ನದೀದಂಡೆಗೆ ಎಮ್ಮೆದೊಡ್ಡಿಯ ಮದಗದ ಕೆರೆ ಸಾಕು. ಪೋರ್ಟೊದಲ್ಲಿ ಏನೇನು ಮಾಡಬೇಕೋ ಅದನ್ನೆಲ್ಲ ಒಂದು ಸಲ ಇಲ್ಲೇ ಮಾಡಿ ನೋಡೋಣ, ನೆರಳು ಹೇಗೆ ಬೀಳುತ್ತದೆ, ಬಿಳಿ ಉಣ್ಣೆ ಬಿಸಿಲಿಗೆ ಹೇಗೆ ಕಾಣುತ್ತದೆ ಎಂದು ಮಗಳಿಗೆ ಬರೆದು ಕಳಿಸೋಣ ಎಂದರು. ಹೊತ್ತಿಗೆ ಸರಿಯಾಗಿ ಅಜ್ಜಂಪುರದ ಬೀರಯ್ಯ ಕೋಟಿನ ಪೆಟ್ಟಿಗೆ ತಂದು ಇಳಿಸಿದ. ಉಣ್ಣೆ ನೇಯ್ದವನೂ ಅವನೇ, ಹೊಲಿದು ಬಂದ ಕೋಟುಗಳ ಅಂಚಿಗೆ ಕುಚ್ಚು ಕಟ್ಟಿದವನೂ ಅವನೇ. ಐದೂ ಕೋಟುಗಳನ್ನು ಹಸುಗೂಸು ಎತ್ತಿದ ಹಾಗೆ ಎತ್ತಿ ತೋರಿಸಿದ. ‘ನಮ್ಮಪ್ಪನ ಕಾಲ್ದಲ್ಲಿ ಕಂಬ್ಳಿ ಅಂದ್ರೆ ಕರೀದು. ಈ ಬಿಳೀದು ಹಾಕ್ಕಂಡು ಯಾರು ಕುರಿ ಮೇಯಿಸ್ತಾರೆ ತಾಯಿ?’ ಎಂದು ನಕ್ಕ. ಒಂದು ಕೋಟನ್ನು ಬೆಳಕಿಗೆ ಹಿಡಿದು ನೋಡಿ ಎಂದು ನೀನೇ ಅಪ್ಪನಿಗೆ ಹೇಳಿದ್ದೆಯಲ್ಲ. ಸರಿ, ಕೋಟಿದೆ, ಕ್ಯಾಮೆರಾ ಇದೆ, ಹಾಕಿಕೊಂಡು ನಿಲ್ಲುವವರು ಯಾರು? ನಿನ್ನಪ್ಪ ಮನೆಯೆಲ್ಲ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಕಡೂರು ತಾಲೂಕಿನ ಅರ್ಧ ಮದುವಣಗಿತ್ತಿಯರನ್ನು ತೆಗೆದ ಈ ಮಹಾಶಯರಿಗೆ, ಮದುವೆಯಾದಾಗಿನಿಂದ ನನ್ನೊಬ್ಬಳದೇ ಒಂದು ಫೋಟೊ ತೆಗೆಯುವುದಕ್ಕೆ ಪುರಸೊತ್ತಾಗಿರಲಿಲ್ಲ. ನಾಚಿಕೆಯೂ ಆಯಿತು, ಸುಳ್ಳೇಕೆ, ಸಂತೋಷವೂ ಆಯಿತು. ಕೋಟಿಗೆ ಕೈ ತೂರಿಸುತ್ತಿದ್ದೆ, ಅಷ್ಟರಲ್ಲಿ ನಿನ್ನ ಅಂಬಮ್ಮಜ್ಜಿ ಒಳಗಿನಿಂದ, ‘ಲೇ ಹೇಮಾ, ಹೊಸಬಟ್ಟೆ ಹಂಗೇ ಹಾಕ್ಕಬ್ಯಾಡ ಕಣೇ, ಮೂಲೆಗೆ ಅರಿಶಿಣ ಹಚ್ಚು’ ಎಂದರು. ಹುಟ್ಟಿದಾಗಿನಿಂದ ರೂಢಿ. ಕೈ ತಾನಾಗಿ ಅರಿಶಿಣದ ಬಟ್ಟಲಿಗೆ ಹೋಯಿತು, ಬೆರಳ ತುದಿಯಲ್ಲಿ ನೀರು ಮುಟ್ಟಿಸಿ ಮುಂದಿನ ಅಂಚಿನ ಮೂಲೆಗೆ ಒಂದು ಬೊಟ್ಟು ಇಟ್ಟೇಬಿಟ್ಟೆ. ಅದು ಕಂಪನಿಯ ಕೋಟು, ಹಾಲಿನ ಬಿಳುಪು, ಯಾರೋ ಹಾಕಿಕೊಂಡು ಲೋಕಕ್ಕೆಲ್ಲ ತೋರಿಸುವಂಥದ್ದು ಎನ್ನುವುದು ಹೊಳೆದದ್ದು ನಿನ್ನಪ್ಪ ಕ್ಯಾಮೆರಾದಿಂದ ಕಣ್ಣು ತೆಗೆದು ‘ಅದೇನೇ ಹಳದಿ?’ ಎಂದಾಗ. ಬಚ್ಚಲಿಗೆ ಓಡಿ ಸೋಪು ಹಾಕಿ ತಿಕ್ಕಿದೆ. ಅರಿಶಿಣಕ್ಕೆ ಸೋಪು ಬಿದ್ದರೆ ಏನಾಗುತ್ತದೆ ನಿನಗೆ ಗೊತ್ತಲ್ಲ, ಕೆಂಪಗೆ ಕುಂಕುಮ! ನಿನ್ನಪ್ಪನ ಮುಖ ಆ ಕೋಟಿಗಿಂತ ಬೆಳ್ಳಗಾಯಿತು. ಅಜ್ಜಿ ಮಾತ್ರ ಬಗ್ಗಿ ನೋಡಿ, ‘ಅರಿಶಿಣ ಕುಂಕುಮ ಎರಡೂ ಆಯ್ತು ಬಿಡೇ’ ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕರು. ಆಮೇಲೆ ಅವರೇ ಉಪಾಯ ಹೇಳಿದ್ದು. ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ತಾರಸಿಯ ಮೇಲೆ ಬಿಸಿಲಿಗೆ ಹಾಕು, ಅರಿಶಿಣ ಬಿಸಿಲಿಗೆ ನಿಲ್ಲುವುದಿಲ್ಲ ಎಂದರು. ಹಾಗೇ ಆಯಿತು. ಎರಡು ದಿನ ಅಜ್ಜಿ ಮಂಡಿನೋವನ್ನೂ ಮರೆತು ಮೆಟ್ಟಿಲ ಹತ್ತಿರ ಕುರ್ಚಿ ಹಾಕಿಕೊಂಡು ಕಾಗೆ ಕಾದರು. ಈಗ ಆ ಜಾಗ ಎಲ್ಲಿ ಎಂದು ನನಗೆ ಬಿಟ್ಟರೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದ್ದರಿಂದ ಗಾಬರಿಯಾಗಬೇಡ.

ಕೋಟು ಒಣಗಿದ ಮೇಲೆ ಬೀರೂರಿನ ಮೇಲ್ಸೇತುವೆ ಮುಗಿಸಿದೆವು. ಅಲ್ಲಿ ರೈಲಿಗೆ ಕಾಯುತ್ತಿದ್ದ ಜನವೆಲ್ಲ ನನ್ನನ್ನು ನೋಡಿದ್ದೇ ನೋಡಿದ್ದು, ಅದನ್ನು ಬರೆದರೆ ಕಾಗದ ಸಾಲದು. ಮಾರನೆಯ ದಿನ ತರೀಕೆರೆ. ವಹಾಬ್ ಸಾಹೇಬರ ಹೆಂಡತಿ ಕುಬ್ರಾ ನಿನಗೆ ನೆನಪಿದ್ದಾರಲ್ಲ, ಅವರ ಮಗಳ ಮದುವೆ ಆಲ್ಬಮ್ ನಿನ್ನಪ್ಪನದೇ. ನಾವು ಹೋದಾಗ ಆ ನೀಲಿ ಗೋಡೆ ಪೂರ್ತಿ ನೆರಳಿನಲ್ಲಿತ್ತು. ನಿನ್ನಪ್ಪ ಫೋನಿನಲ್ಲಿ ಸೂರ್ಯನ ಲೆಕ್ಕ ನೋಡುತ್ತಾ ನಿಂತರು, ನಾನು ನನ್ನ ಹಳೇ ಪಾಠ ತೆಗೆದೆ: ‘ನೀವು ಮೆಣಸಿನಕಾಯಿ ಎಲ್ಲಿ ಒಣಗಿಸ್ತೀರ ಕುಬ್ರಾ ಅವರೇ?’ ಆಕೆ, ‘ಇಲ್ಲೇ ಕಣ್ರೀ, ಗೋಡೆ ಬುಡದಾಗೆ. ಮಧ್ಯಾಹ್ನದ್ ಜೊಹರ್ ನಮಾಜ್ ಮುಗಿಯೋ ಹೊತ್ಗೆ ಬಿಸ್ಲು ಬತ್ತದೆ, ಚಾ ಕುಡಿಯೋವರ್ಗೂ ಇರ್ತದೆ. ಅಲ್ಲೀವರ್ಗೂ ಒಳಗ್ ಬನ್ನಿ, ಆ ಕಂಬ್ಳಿ ತೆಗೀರಿ, ನೋಡೋಕೇ ಸೆಕೆ ಆಯ್ತದೆ’ ಎಂದರು. ಅವರು ಹೇಳಿದ ಹೊತ್ತಿಗೆ ಬಿಸಿಲು ಬಂತು. ನೀಲಿಯ ಮುಂದೆ ಬಿಳಿ ಕೋಟು ಎಷ್ಟು ಚೆಂದ ಎದ್ದು ಕಂಡಿತೆಂದರೆ ಕುಬ್ರಾ ತಾವೂ ಒಂದು ಸಲ ಹಾಕಿಕೊಂಡು ನೋಡಿದರು.

ನಿನಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ನೀನು ಸೊಂಟದ ಮೇಲಿದ್ದಾಗಿನಿಂದ ನೋಡಿದ್ದೀಯ. ನಿನ್ನಪ್ಪ ಔಟ್‌ಡೋರ್ ಎಂದು ಅಪರೂಪಕ್ಕೆ ಯಾವ ಹೊಸ ಊರಿಗೆ ಹೋದರೂ ಹಿಂದಿನ ದಿನ ನಾನು ಹೋಗಿ, ಮೊದಲ ಮನೆಯ ಹೆಂಗಸನ್ನು ಕೇಳುತ್ತಿದ್ದದ್ದು ಒಂದೇ ಮಾತು, ಸಂಡಿಗೆ ಎಲ್ಲಿ ಒಣಗಿಸುತ್ತೀರಿ ಎಂದು. ಸಂಡಿಗೆ ಒಣಗುವಲ್ಲಿ ಬಿಸಿಲಿರುತ್ತದೆ, ಗಾಳಿಯಿರುತ್ತದೆ, ಧೂಳಿರುವುದಿಲ್ಲ. ಅಷ್ಟು ಸಿಕ್ಕರೆ ನಿನ್ನಪ್ಪನಿಗೆ ಇನ್ನೇನು ಬೇಕು? ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಸುಮ್ಮನೆ ಹೇಳಿಲ್ಲ. ನೀನು ಹೋದ ದಿನದಿಂದ ಫೋನು, ನಕಾಶೆ, ಕಂಪ್ಯೂಟರು ಎಲ್ಲವನ್ನೂ ಕೇಳಿದ್ದೀಯ, ಆ ಊರಿನ ಒಂದು ಮನುಷ್ಯಪ್ರಾಣಿಯನ್ನು ಕೇಳಿದ್ದೀಯಾ? ನೀನು ಕಳಿಸಿದ ಮೆಟ್ಟಿಲ ಓಣಿಯ ಫೋಟೊ ಇನ್ನೊಂದು ಸಲ ನೋಡು. ಎಡಗಡೆ ಎರಡನೇ ಮಹಡಿಯ ಕಿಟಕಿಯಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದಾಳೆ, ಹಸಿರು ಸ್ವೆಟರು. ಆ ಓಣಿಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಭಾಷೆ ಬರದಿದ್ದರೆ ಏನಂತೆ. ಒದ್ದೆ ಬಟ್ಟೆ ತೋರಿಸಿ ಆಕಾಶ ತೋರಿಸಿದರೆ ಯಾವ ದೇಶದ ಹೆಂಗಸಿಗೂ ತಿಳಿಯುತ್ತದೆ.

ಕೊನೆಗೆ ನಿನ್ನೆ ಎಮ್ಮೆದೊಡ್ಡಿ. ಕೆರೆಯ ದಂಡೆಯಲ್ಲಿ ಕೋಟು ಹಾಕಿಕೊಂಡು ನಿಂತಿದ್ದೇನೆ, ನಿನ್ನಪ್ಪ ಹಿಂದೆ ಹಿಂದೆ ಹೋಗುತ್ತಾ ಜಾಗ ನೋಡುತ್ತಿದ್ದಾರೆ, ಅಲ್ಲಿನ ಹುಲ್ಲುಗಾವಲಿನ ಕಡೆಯಿಂದ ಅಮೃತಮಹಲ್ ಹಸುಗಳ ಹಿಂಡು ನೀರಿಗೆ ಬಂತು. ಆ ಕೊಂಬು ನೀನೇ ನೋಡಿದ್ದೀಯ. ಬಿಳಿ ಕೋಟು ಕಂಡು ಅಷ್ಟೂ ಹಸುಗಳು ಕತ್ತೆತ್ತಿ ನಿಂತವು. ನಾನು ಓಡುವುದಕ್ಕೆ ಸೆರಗು ಕಟ್ಟಿದೆ. ದನ ಕಾಯುವವರು ದೂರದಿಂದಲೇ, ‘ಅಮ್ಮಾ, ಓಡಬ್ಯಾಡಿ. ಹೊಸಬ್ರು ಅಂತ ನೋಡ್ತವೆ ಅಷ್ಟೇಯ. ನಿಂತ್ಕಳಿ’ ಎಂದು ಕೂಗಿದರು. ನಿಂತೆ. ನೋಡಿದವು, ಮೂಸಿದವು, ಆಮೇಲೆ ನಾನೊಬ್ಬಳು ಅಲ್ಲಿರುವುದನ್ನೇ ಮರೆತು ನೀರು ಕುಡಿದವು. ಆಗ ನಿನ್ನಪ್ಪ ತೆಗೆದ ಫೋಟೊ ಇದರ ಜೊತೆಗಿದೆ. ಹಿಂದೆ ನೀರು, ಸುತ್ತ ಕೊಂಬು, ನಡುವೆ ನಿನ್ನಮ್ಮ. ಪ್ರಿಂಟ್ ಹಾಕಿ ತಂದು ಕೈಗೆ ಕೊಟ್ಟು, ‘ಇಷ್ಟು ವರ್ಷ ಎಲ್ಲಿದ್ಯೇ?’ ಎಂದರು. ಅಡುಗೆಮನೆಯಲ್ಲಿದ್ದೆ ಎಂದೆ. ಇಬ್ಬರೂ ನಕ್ಕೆವು, ನನಗೆ ಕಣ್ಣಲ್ಲಿ ನೀರೂ ಬಂತು. ಮಗಳೇ, ಆ ಊರಿನವರೂ ನಿನ್ನನ್ನು ನೋಡುತ್ತಾರೆ, ಕ್ಯಾಮೆರಾ ನೋಡುತ್ತಾರೆ, ಕೋಟು ನೋಡುತ್ತಾರೆ. ನೋಡಲಿ ಬಿಡು. ಸ್ವಲ್ಪ ಹೊತ್ತಿಗೆ ಅವರವರ ಕೆಲಸ ಅವರಿಗೆ.

ನಿನ್ನಪ್ಪ ಬೀರೂರು, ತರೀಕೆರೆ, ಎಮ್ಮೆದೊಡ್ಡಿ ಮೂರೂ ಕಡೆಯ ಫೋಟೊಗಳ ಹಿಂದೆ ಬೆಳಕಿನ ವಿಚಾರ ಏನೇನೋ ಬರೆದಿದ್ದಾರೆ, ಅದು ನಿಮ್ಮಿಬ್ಬರ ಭಾಷೆ. ಅಲ್ಲಿನ ನಗರಸಭೆಯವರು ರಸ್ತೆಯಲ್ಲಿ ತೆಗೆಯಲು ಅನುಮತಿ ಕೊಟ್ಟಾಗಿದೆ ಎಂದಿದ್ದೆ, ಅದೊಂದು ಒಳ್ಳೆಯದಾಯಿತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು? ಒಳಗೆ ತೆಗೆದರೂ ನೀನು ನನ್ನ ಮಗಳೇ, ಚಟ್ನಿಪುಡಿ ವಾಪಸ್ಸು ಕೇಳುವುದಿಲ್ಲ. ಆದರೆ ಹೊರಗೆ ನಿಂತು ತೆಗೆದೆ ಎಂದು ಹೇಳಿದರೆ ಈ ಮನೆಯಲ್ಲಿ ಪಾಯಸವಾಗುತ್ತದೆ. ಹೊತ್ತಿಗೆ ಊಟ ಮಾಡು, ಕೃತಿಕಾಳನ್ನು ಗದರಬೇಡ, ಅವಳಿಗೂ ಅದು ಹೊಸ ಊರು. ಬೀರಯ್ಯ ‘ಮಗೀಗೆ ಒಳ್ಳೇದಾಗ್ಲಿ’ ಎಂದು ಹೇಳಲು ಹೇಳಿದ್ದಾನೆ. ಕುಬ್ರಾ ಅವರ ದುವಾ ಇದೆ, ಅಜ್ಜಿಯ ಮುತ್ತು ಇದೆ, ಅಪ್ಪನದು ಆ ಫೋಟೊಗಳ ಹಿಂದೆಯೇ ಇದೆ. ದೇವರು ನಿನ್ನ ಕೈ ನಡುಗದ ಹಾಗೆ ನೋಡಿಕೊಳ್ಳಲಿ.

ನಿನ್ನ ಅಮ್ಮ,
ಹೇಮಾವತಿ

ಮರೆತಿದ್ದೆ: ಪೆಟ್ಟಿಗೆಯನ್ನು ಇವತ್ತೇ ಒಯ್ಯಲು ಕೃತಿಕಾ ಬಂದು ಬಾಗಿಲಲ್ಲೇ ನಿಂತಿದ್ದಾಳೆ, ಕಟ್ಟಬೇಕು, ಬೇಗ ಬರೆಯುತ್ತೇನೆ. ಮಿಕ್ಕ ನಾಲ್ಕು ಕೋಟುಗಳಿಗೂ ನಿನ್ನೆ ಸಂಜೆ ಅರಿಶಿಣ ಹಚ್ಚಿದ್ದೇನೆ. ಈ ಸಲ ಕೈ ತಾನಾಗಿ ಹೋದದ್ದಲ್ಲ, ಬೇಕೆಂದೇ, ಮುಂದಿನ ಅಂಚಿಗೇ, ಕ್ಯಾಮೆರಾಗೆ ಕಾಣುವ ಹಾಗೆ. ಅಪ್ಪನಿಗೆ ಗೊತ್ತಿಲ್ಲ, ಅಜ್ಜಿಗೆ ಗೊತ್ತು. ಸೋಪು ಮುಟ್ಟಿಸಬೇಡ. ಕೋಣೆಯ ದೀಪಕ್ಕೆ ಅದು ಹೋಗುವುದಿಲ್ಲ, ಒಂದನ್ನು ರಾತ್ರಿಯೆಲ್ಲ ಸ್ಟುಡಿಯೊ ಲೈಟಿನ ಕೆಳಗಿಟ್ಟು ನೋಡಿದ್ದೇನೆ, ಒಂದಿಷ್ಟೂ ಮಾಸಲಿಲ್ಲ. ಬಿಸಿಲಿಗೇ ಹಾಕಬೇಕು. ಆ ಹಸಿರು ಸ್ವೆಟರಿನ ಹೆಂಗಸನ್ನು ಕೇಳು, ಅವಳ ಹಗ್ಗದಲ್ಲಿ ನಾಲ್ಕು ಕೋಟಿಗೆ ಜಾಗ ಇದ್ದೇ ಇರುತ್ತದೆ.